ಒಂದರಲ್ಲೇ ತಿರುಗುವ ಫ್ಯಾನು

ಮಗ ಚಮಚದ ಹಿಡಿಯನ್ನು ಫ್ಯಾನಿನ ರೆಗ್ಯುಲೇಟರಿನ ಗುಂಡಿಯ ಅಡಿಗೆ ತೂರಿಸಿ ಮೀಟುತ್ತಿದ್ದ. ಎರಡು ಸಲ ಜಾರಿತು. ಮೂರನೆಯ ಸಲ ಗುಂಡಿ ಟಪ್ಪೆಂದು ಕಿತ್ತುಬಂದು, ನೆಲಕ್ಕೆ ಬಿದ್ದು, ಉರುಳಿಕೊಂಡು ಮಂಚದ ಕೆಳಗೆ ಹೋಯಿತು. ಐವತ್ತೆರಡು ವರ್ಷದ ಬ್ಯಾಂಕ್ ಅಧಿಕಾರಿ ಮೊಣಕಾಲೂರಿ, ಹೊಟ್ಟೆಯನ್ನು ನೆಲಕ್ಕೊತ್ತಿ, ತಾಯಿಯ ಮಂಚದ ಕೆಳಗೆ ಕೈ ಚಾಚಿ ತಡಕಾಡಿದ.

"ಎಡಗಡೆ ಇದೆ ನೋಡು," ಎಂದಳು ತಾಯಿ, ಮಂಚದ ಮೇಲಿಂದ ಕಾಲು ಕೂಡ ಅಲುಗಿಸದೆ.

ಗುಂಡಿ ಸಿಕ್ಕಿತು. ಅದರ ಧೂಳು ಊದಿ ಅಂಗಿಯ ಜೇಬಿಗೆ ಹಾಕಿಕೊಂಡ. "ಇನ್ಮೇಲೆ ಇದು ಒಂದರಲ್ಲೇ ತಿರುಗತ್ತಮ್ಮ. ಸೆಖೆ ಅನ್ನೋದು ಮನಸ್ಸಿನಲ್ಲಿರೋದು. ಅಭ್ಯಾಸ ಮಾಡ್ಕೊಂಡ್ರೆ ಏನೂ ಅನ್ಸಲ್ಲ."

"ಹೌದಾ? ನಿನ್ನ ಕತ್ತಿಂದ ಇಳೀತಿದೆಯಲ್ಲ ಬೆವರು, ಅದೂ ಮನಸ್ಸಿಂದಾನೇ ಬಂತಾ?"

ಅವನು ಕಿವಿಗೆ ಹಾಕಿಕೊಳ್ಳದೆ ಹೊರಟುಹೋದ. ತಲೆಯ ಮೇಲೆ ಫ್ಯಾನು ಒಂದೊಂದೇ ರೆಕ್ಕೆ ಎಣಿಸಬಹುದಾದಷ್ಟು ನಿಧಾನವಾಗಿ ತಿರುಗತೊಡಗಿತು.

ಸೆಖೆ ಎಲ್ಲಿರುತ್ತದೆ ಎಂದು ಆ ತಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ, ಕುದಿಯುವ ಹಂಡೆಗಳ ಮತ್ತು ಉಗಿಯ ನಡುವೆ ದುಡಿದು, ಅಲ್ಲೇ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಡಾಕ್ಟರುಗಳಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಅವಳನ್ನು ಲಾಂಡ್ರಿಯಮ್ಮ ಎಂದೇ ಕರೆಯುತ್ತಿದ್ದರು. ಈಗ ಮಗ-ಸೊಸೆಯ ಜೊತೆ ಮೂರನೆಯ ಮಹಡಿಯಲ್ಲಿದ್ದಳು. ಮೇಲೆ ಬರಿ ತಾರಸಿ. ಅವಳ ಕೋಣೆಯ ಕಿಟಕಿ ಪಶ್ಚಿಮಕ್ಕೆ. ಮಧ್ಯಾಹ್ನ ಎರಡು ದಾಟಿದರೆ ಗೋಡೆಗೆ ಬೆನ್ನು ಕೊಟ್ಟು ಕೂರುವಂತಿರಲಿಲ್ಲ.

ಕರೆಂಟು ಉಳಿಸುವ ಹುಚ್ಚು ಮಗನಿಗೆ ಹತ್ತಿ ಎರಡು ವರ್ಷವಾಗಿತ್ತು. ಪ್ರತಿ ಸ್ವಿಚ್ಚಿನ ಮೇಲೂ 'ಇದು ಬೇಕೇ ಬೇಕೆ?' ಎಂದು ಬರೆದ ಚೀಟಿ ಅಂಟಿಸಿದ್ದ. ಬಚ್ಚಲ ಮನೆಯ ದೀಪವನ್ನೂ ಬಿಟ್ಟಿರಲಿಲ್ಲ. ಹನ್ನೆರಡರಿಂದ ನಾಲ್ಕರವರೆಗೆ ಫ್ರಿಜ್ಜು ಬಂದ್. ಹಾಲು ಒಡೆದರೆ ಸೊಸೆಗೆ ಹಾಲು ಕಾಯಿಸಲು ಬರುವುದಿಲ್ಲ ಎಂದು ತೀರ್ಮಾನ. ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಸಂಜೆ ಹೊಲಿಯುವಾಗ ದೀಪ ಹಾಕಿದರೆ, ಹಗಲಿಡೀ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ. ಹೊರಗಡೆ ಯಾರಾದರೂ ಸಿಕ್ಕಿದರೆ ಮಾತ್ರ ಅವನ ಬಾಯಿಂದ ಭೂಮಿ, ಮುಂದಿನ ಪೀಳಿಗೆ, ಸರಳ ಜೀವನ ಎಲ್ಲ ಸಾಲಾಗಿ ಹೊರಬೀಳುತ್ತಿದ್ದವು.

ಲಾಂಡ್ರಿಯಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಎಂಟು ವರ್ಷದವನಿದ್ದಾಗ ತಂಗಿಯ ಕೊಡೆಯನ್ನು ಪಕ್ಕದ ಮನೆಯ ಹುಡುಗನಿಗೆ ದಾನ ಮಾಡಿ ಮೇಷ್ಟ್ರಿಂದ ಶಹಬ್ಬಾಸ್ ಅನ್ನಿಸಿಕೊಂಡು ಬಂದವನು ಅವನು. ಬರುವಾಗ ತನ್ನ ಕೊಡೆ ಹಿಡಿದುಕೊಂಡೇ ಬಂದಿದ್ದ.

ಮೂರು ವಾರದ ನಂತರ ಅವಳು ಮಗನ ಬ್ಯಾಂಕಿಗೆ ಹೋಗಬೇಕಾಗಿ ಬಂತು. ಪಿಂಚಣಿ ಪಡೆಯುವವರು ಬದುಕಿದ್ದಾರೆಂದು ತೋರಿಸಲು ವರ್ಷಕ್ಕೊಮ್ಮೆ ರುಜು ಹಾಕಬೇಕು. ಎಂದಿನಂತೆ ಮಗನೇ ಕಾಗದ ಮನೆಗೆ ತಂದಿದ್ದರೆ ಆಗುತ್ತಿತ್ತು. ಈ ಸಲ ಖುದ್ದಾಗಿ ಬರಬೇಕೆಂದು ನಿಯಮ ಬದಲಾಗಿತ್ತು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಸೊಸೆಯ ತೋಳು ಹಿಡಿದು ಬಸ್ಸು ಹತ್ತಿ ಇಳಿದು ಹೋದಳು. ಬ್ಯಾಂಕಿನ ಗಾಜಿನ ಬಾಗಿಲು ತೆರೆದದ್ದೇ ತಡ, ಬೆನ್ನಿನ ಮೇಲಿನ ಬೆವರು ತಣ್ಣಗೆ ಕೊರೆಯಿತು.

ಮಗ ಒಳಗಡೆ ಗಾಜಿನ ಕೋಣೆಯಲ್ಲಿ ಕೂತಿದ್ದ. ಮೈಮೇಲೆ ಕಾಫಿ ಬಣ್ಣದ ತುಂಬುತೋಳಿನ ಸ್ವೆಟರು.

ಆ ಸ್ವೆಟರನ್ನು ಅವಳು ಮನೆಯಲ್ಲಿ ಯಾವತ್ತೂ ನೋಡಿರಲಿಲ್ಲ. ಸೊಸೆಯ ಮುಖ ನೋಡಿದಳು. ಅವಳೂ ನೋಡಿರಲಿಲ್ಲ. ಬಟ್ಟೆಯ ವಿಷಯದಲ್ಲಿ ಲಾಂಡ್ರಿಯಮ್ಮನ ಕಣ್ಣು ತಪ್ಪುವುದಿಲ್ಲ: ಮೊಣಕೈ ಸವೆದು ತೆಳ್ಳಗಾಗಿದೆ, ಐದಾರು ವರ್ಷದಿಂದ ದಿನಾ ಹಾಕಿದ್ದು, ನೀರು ಕಂಡು ವರ್ಷವಾದರೂ ಆಗಿರಬೇಕು.

"ಏನೋ ಇದು?"

ಅವನು ಎದ್ದು ನಿಂತ. "ಇಲ್ಲಿ ಎಸಿ ನನ್ನ ಕೈಲಿಲ್ಲಮ್ಮ. ಇಡೀ ಕಟ್ಟಡಕ್ಕೆ ಒಂದೇ. ನಾನೇನು ಮಾಡ್ಲಿ?"

"ಚಳಿಯೂ ಮನಸ್ಸಿನಲ್ಲಿರೋದಲ್ವೇನೋ? ಅಭ್ಯಾಸ ಮಾಡ್ಕೋಬಹುದಿತ್ತು."

ತೆರೆದ ಬಾಗಿಲ ಆಚೆಯ ಮೇಜಿನ ಗುಮಾಸ್ತೆ ಮುಖ ತಗ್ಗಿಸಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಲಾಂಡ್ರಿಯಮ್ಮ ಅಂಗೈ ಚಾಚಿದಳು.

"ಕೊಡು."

"ಏನು?"

"ನನ್ನ ಫ್ಯಾನಿನ ಗುಂಡಿ. ಮನೇಲಿ ಹುಡುಕಿದ್ದೀನಿ, ಸಿಗಲಿಲ್ಲ. ಇಲ್ಲೇ ಇಟ್ಟಿರ್ತೀಯ."

"ಅಮ್ಮ, ಇದು ಆಫೀಸು. ಮನೆಗೆ ಬಂದು ಮಾತಾಡೋಣ."

"ಮಾತಾಡೋದೇನಿದೆ? ಕೊಡು."

ಸಾಲಿನಲ್ಲಿ ನಿಂತವರು ಕುತ್ತಿಗೆ ಉದ್ದ ಮಾಡಿದರು. ಅವನು ಡ್ರಾಯರು ಎಳೆದು, ಗುಂಡುಸೂಜಿ, ಕ್ಲಿಪ್ಪುಗಳ ನಡುವಿನಿಂದ ಗುಂಡಿ ಹೆಕ್ಕಿ ತಾಯಿಯ ಅಂಗೈಗೆ ಹಾಕಿದ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿ, ಬದುಕಿದ್ದೇನೆಂದು ರುಜು ಮಾಡಿ ಹೊರಬಂದಳು.

ಬಸ್ಸಿನಲ್ಲಿ ಸೊಸೆಗೆ ನಗು ತಡೆಯಲಾಗಲಿಲ್ಲ. ಕಿಟಕಿಯ ಕಂಬಿ ಹಿಡಿದು, ಭುಜ ಕುಲುಕಿಸಿಕೊಂಡು ನಕ್ಕಳು. ನಗು ನಿಂತಾಗ ಕಣ್ಣು ಒರೆಸಿಕೊಂಡಳು.

"ಹೋದ ಬೇಸಿಗೇಲಿ ನಾನು ತಲೆ ತಿರುಗಿ ಬಿದ್ದಿದ್ದೆನಲ್ಲ ಅತ್ತೆ. ನಿಂಗೆ ಇನ್ನೂ ಅಭ್ಯಾಸ ಸಾಲದು ಅಂದ್ರು ಇವ್ರು. ನಾನೂ ಹೌದೇನೋ ಅಂದ್ಕೊಂಡೆ," ಎಂದಳು. "ಆಗ್ಲೂ ಆ ಸ್ವೆಟರ್ ಇತ್ತಲ್ವಾ?"

"ಇತ್ತು ಕಣೇ. ಅದಕ್ಕೂ ಮುಂಚಿನಿಂದ ಇತ್ತು."

ಒಂದು ನಿಲ್ದಾಣ ದಾಟಿದ ಮೇಲೆ ಅತ್ತೆಯೇ ಮತ್ತೆ ಬಾಯಿ ತೆರೆದಳು. "ಮೀಟರ್ ಇಳಿಸೋದು ಘನ ಕೆಲಸ ಏನಲ್ಲ. ಮನೇಲಿರೋರನ್ನ ಬೇಯಿಸಿ ಯಾವ ದಡ್ಡನಾದ್ರೂ ಇಳಿಸಬಹುದು. ಬೇಯಿಸದೆ ಇಳಿಸೋಣ. ನಿನ್ನ ಹತ್ರ ಹಳೇ ದಪ್ಪ ಬಟ್ಟೆ ಎಷ್ಟಿದೆ?"

ಮರುದಿನ ಅವನು ಕೆಲಸಕ್ಕೆ ಹೋದದ್ದೇ ಶುರುವಾಯಿತು. ಮೊದಲು ಫ್ರಿಜ್ಜು. ಲಾಂಡ್ರಿಯಮ್ಮ ಬಾಗಿಲ ಸಂದಿಗೆ ಒಂದು ಕಾಗದದ ಚೂರು ಇಟ್ಟು ಬಾಗಿಲು ಮುಚ್ಚಿಸಿದಳು. ಎಳೆದರೆ ಕಾಗದ ಸಲೀಸಾಗಿ ಈಚೆ ಬಂತು. "ನೋಡು, ರಬ್ಬರು ಸತ್ತಿದೆ. ತಂಪೆಲ್ಲ ಇಲ್ಲಿಂದ ಸೋರಿಹೋಗ್ತಿದೆ. ಅದಕ್ಕೇ ಇದು ಹೊತ್ತಿಲ್ಲ ಗೊತ್ತಿಲ್ಲ, ಓಡ್ತಾನೇ ಇರತ್ತೆ. ನಿನ್ನ ಗಂಡ ಎರಡು ವರ್ಷ ಇದರ ಮೇಲೆ ಚೀಟಿ ಅಂಟಿಸಿದ, ಒಂದು ದಿನ ಬಾಗಿಲು ಮುಟ್ಟಿ ನೋಡಲಿಲ್ಲ." ಹೊಸ ರಬ್ಬರು ಹಾಕಿಸಿದರು. ಮಧ್ಯಾಹ್ನ ಅದನ್ನು ಬಂದ್ ಮಾಡುವುದನ್ನು ನಿಲ್ಲಿಸಿದರು.

ಆಮೇಲೆ ಕಿಟಕಿ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದು ಪ್ರಯೋಜನವಿಲ್ಲ, ಹೊರಗೇ ತಡೆಯಬೇಕು ಎಂಬುದನ್ನು ಲಾಂಡ್ರಿಯಮ್ಮ ಆಸ್ಪತ್ರೆಯ ಒಣಗು ಕೋಣೆಯಲ್ಲಿ ಕಲಿತಿದ್ದಳು. ಸೊಸೆ ಎರಡು ಪದರ ಬಟ್ಟೆ ಸೇರಿಸಿ, ಮೇಲೂ ಕೆಳಗೂ ಕೋಲು ತೂರುವ ಹಾಗೆ ಮಡಿಕೆ ಹೊಲಿದು, ಕಿಟಕಿಯ ಹೊರಗೆ, ಗಾಜಿನಿಂದ ಗೇಣು ದೂರದಲ್ಲಿ ಕಟ್ಟಿದಳು. ಕೊನೆಗೆ ತಾರಸಿ. ಬೆಳ್ಳಗಿದ್ದರೆ ಅದು ಬಿಸಿಲು ಹೀರುವುದಿಲ್ಲ. ನಾಲ್ಕು ದಿನ ಬೆಳಗ್ಗೆ ಆರಕ್ಕೆಲ್ಲ ಮೇಲೆ ಹೋಗಿ ಸೊಸೆ ಕಸಬರಿಕೆಯಿಂದ ಗೋಂದು ಬೆರೆಸಿದ ಸುಣ್ಣ ಬಳಿದಳು. ಅತ್ತೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಆ ಮೂಲೆ ಬಿಟ್ಟೆ, ಈ ಮೂಲೆ ಬಿಟ್ಟೆ ಎಂದು ಬೆರಳು ತೋರಿಸುತ್ತಿದ್ದಳು. ಸೊಸೆಯ ಅಂಗೈ ಬಿರಿದು ಉರಿ ಹತ್ತಿತು. ಆದರೂ ಮೂರನೆಯ ಪದರ ಬಿಡಲಿಲ್ಲ.

ಮಗ ಇದೆಲ್ಲ ನೋಡಿದ್ದು ಒಂದೇ ಸಲ, ಕೆಳಗೆ ಬೀದಿಯಲ್ಲಿ ನಿಂತು. "ಮನೆ ಮುಂದೆ ಒದ್ದೆ ಬಟ್ಟೆ ನೇತುಹಾಕಿದ ಹಾಗಿದೆ. ನೋಡಿದೋರು ಏನಂದ್ಕೋತಾರೆ? ತೆಗೀರಿ ಅದನ್ನ." ಯಾರೂ ತೆಗೆಯಲಿಲ್ಲ. ಅವನೂ ಮರೆತ.

ಕೋಣೆಗೆ ಜೀವ ಬಂತು. ಗುಂಡಿ ಮತ್ತೆ ಕೂರಿಸಿದ ಫ್ಯಾನು ಮಧ್ಯಾಹ್ನ ಎರಡರಲ್ಲಿ ತಿರುಗಿದರೆ ಸಾಕಾಗುತ್ತಿತ್ತು. ಲಾಂಡ್ರಿಯಮ್ಮ ಊಟವಾದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು ತೂಕಡಿಸುತ್ತಿದ್ದಳು. ಸೊಸೆ ಮಿಷನನ್ನು ಅದೇ ಕೋಣೆಗೆ ತಂದಿಟ್ಟುಕೊಂಡಳು. ಕೆಳಗಿನ ಮನೆಯವರು ಬಂದು ನೋಡಿ, ನಮಗೂ ಅಂಥದೇ ಪರದೆ ಹೊಲಿದುಕೊಡು ಎಂದರು.

ತಿಂಗಳ ಕೊನೆಯಲ್ಲಿ ಮಗ ಮೀಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅಂಕಿ ಬರೆದುಕೊಂಡ. ಎರಡು ವರ್ಷದಲ್ಲಿ ಇಷ್ಟು ಕೆಳಗೆ ಇಳಿದಿರಲಿಲ್ಲ. ಒಳಗೆ ಬಂದವನ ಮುಖ ಹೊಳೆಯುತ್ತಿತ್ತು. "ನೋಡಿದ್ಯಾ ಅಮ್ಮ? ಶಿಸ್ತು ಅಂದ್ರೆ ಇದು. ಆ ಚೀಟಿಗಳನ್ನ ನೋಡಿ ಎಲ್ರೂ ನಗಾಡಿದ್ರಿ."

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಸೀಲಿಂಗು ನೋಡಿದಳು.

ಬಡಾವಣೆಯ ಸಂಘದವರು ಮಿತವಾಗಿ ವಿದ್ಯುತ್ ಬಳಸುವ ಮನೆಗೆ ಬಹುಮಾನ ಇಟ್ಟಿದ್ದರು. ಅವನು ತನ್ನ ಹೆಸರಿನಲ್ಲಿ ಅರ್ಜಿ ಹಾಕಿದ. ಪರಿಶೀಲನೆಗೆ ಬಂದವಳು ನಿವೃತ್ತ ಇಂಜಿನಿಯರ್. ಸಣಕಲು ಹೆಂಗಸು, ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲಿ ಥರ್ಮಾಮೀಟರು. ಬೇಕೆಂದೇ ಭಾನುವಾರ ಮಧ್ಯಾಹ್ನ ಎರಡೂವರೆಗೆ ಬಂದಿದ್ದಳು. ಲಾಂಡ್ರಿಯಮ್ಮನ ಕೋಣೆಯಲ್ಲಿ ಥರ್ಮಾಮೀಟರು ಇಟ್ಟು, ಓದಿ, ಇನ್ನೊಮ್ಮೆ ಇಟ್ಟು ಓದಿದಳು.

"ಮೇಲಿನ ಮಹಡಿ, ಪಶ್ಚಿಮದ ಕೋಣೆ. ಇಷ್ಟು ತಂಪಾಗಿ ಹೇಗಿದೆ?"

"ಎಲ್ಲಾ ಮನಸ್ಸಿನ ನಿಯಂತ್ರಣ ಮೇಡಂ," ಎಂದ ಮಗ. "ಮನೆಯವರಿಗೆಲ್ಲ ನಾನೇ ತರಬೇತಿ ಕೊಟ್ಟಿದ್ದೀನಿ."

"ಥರ್ಮಾಮೀಟರಿಗೂ ಕೊಟ್ರಾ?" ಅವಳು ನಗಲಿಲ್ಲ. "ಈ ಪರದೆ ಕಿಟಕಿಯ ಹೊರಗಡೆ ಯಾಕೆ ಹಾಕಿದ್ರಿ?"

"ಅದು... ಒಳಗಡೆ ಜಾಗ ಉಳಿಯತ್ತೆ ಅಂತ."

"ತಾರಸಿಗೆ ಸುಣ್ಣ ಬಳಿದಿರೋದು?"

"ಶುಭ್ರವಾಗಿ ಕಾಣ್ಲಿ ಅಂತ ಮೇಡಂ."

ಸೊಸೆ ಬಾಗಿಲ ಬಳಿ ನಿಂತು ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದಳು. ಲಾಂಡ್ರಿಯಮ್ಮನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡಳು. ಮಗನ ಮೇಲಿನ ಕನಿಕರದಿಂದಲ್ಲ. ಈಗ ಹೇಳಿದರೆ ಮರುಗಳಿಗೆಯಲ್ಲಿ ಅದೂ ಅವನದೇ ಆಗಿಬಿಡುತ್ತದೆ ಎಂದು ಗೊತ್ತಿತ್ತು. ಇಂಥವನನ್ನು ಒಂಬತ್ತು ತಿಂಗಳು ಹೊತ್ತೆನಲ್ಲ ಎಂದು, ಬೇರೆ ಯಾರದೋ ಕೊಳೆ ಬಟ್ಟೆಯನ್ನು ನೋಡುವ ಹಾಗೆ ಅವನನ್ನು ನೋಡಿದಳು.

ಇಂಜಿನಿಯರ್ ಹೆಂಗಸು ಸೊಸೆಯ ಬಿರಿದ ಅಂಗೈಗಳನ್ನು ನೋಡಿದಳು. ಮಿಷನಿನ ಮೇಲಿದ್ದ ಅರ್ಧ ಹೊಲಿದ ಪರದೆಯನ್ನೂ ನೋಡಿದಳು. ಪುಸ್ತಕ ಮುಚ್ಚಿದಳು. "ಮೀಟರ್ ಪ್ರಕಾರ ನಿಮ್ಮ ಮನೆಗೇ ಮೊದಲ ಸ್ಥಾನ. ಮುಂದಿನ ಭಾನುವಾರ ಸಭೆ. ಏನೇನು ಮಾಡಿದ್ರಿ, ಯಾಕೆ ಮಾಡಿದ್ರಿ ಅಂತ ನೀವೇ ವೇದಿಕೆ ಮೇಲೆ ಎಲ್ರಿಗೂ ವಿವರಿಸಬೇಕು. ಜನ ಪ್ರಶ್ನೆ ಕೇಳ್ತಾರೆ. ನಾನೂ ಕೇಳ್ತೀನಿ."

ಎರಡು ದಿನ ಮಗ ನೆಲದ ಮೇಲೆ ನಡೆಯಲಿಲ್ಲ. ಬೂದು ಬಣ್ಣದ ಕೋಟು ಇಸ್ತ್ರಿಗೆ ಹೋಯಿತು. ಬುಧವಾರ ಭಾಷಣ ಬರೆಯಲು ಕೂತ. ಗುರುವಾರ ತಾರಸಿಗೆ ಹೋಗಿ ಸುಣ್ಣವನ್ನು ಬೂಟಿನ ತುದಿಯಿಂದ ಕೆರೆದು ನೋಡಿ ಬಂದ. ಶನಿವಾರ ಮಧ್ಯಾಹ್ನ ನೋಟ್‌ಬುಕ್ಕು ಹಿಡಿದು ತಾಯಿಯ ಮಂಚದ ಪಕ್ಕ ನಿಂತ.

"ಅಮ್ಮ, ಆ ಪರದೆ ಇದೆಯಲ್ಲ. ಹೊರಗಡೆಗೂ ಒಳಗಡೆಗೂ ಏನು ವ್ಯತ್ಯಾಸ?"

"ನನ್ನನ್ನೇನು ಕೇಳ್ತೀಯ? ನಾನು ಕೂತು ಬೆರಳು ತೋರಿಸಿದವಳು. ಮಾಡಿದವಳು ಅಲ್ಲಿದ್ದಾಳೆ."

"ಅವಳನ್ನ ಕೇಳೋದಾ?"

ಬೀದಿಯಲ್ಲಿ ಹೋಗುವ ಬಸ್ಸಿನ ಹತ್ತಿರ ದಾರಿ ಕೇಳು ಎಂದವರಿಗೆ ಉತ್ತರಿಸುವ ಹಾಗಿತ್ತು ಅವನ ಧ್ವನಿ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯನ್ನು ಕೇಳಿದ್ದು ಊಟ ಬಡಿಸುತ್ತೀಯಾ, ದೀಪ ಆರಿಸಿದೆಯಾ ಎಂದು ಮಾತ್ರ. ಲಾಂಡ್ರಿಯಮ್ಮ ಮಿಷನಿದ್ದ ಮೂಲೆಗೆ ಬೆರಳು ತೋರಿಸಿದಳು. ಅವನು ಆ ಮೂಲೆಗೆ ನಾಲ್ಕು ಹೆಜ್ಜೆ ಹಾಕಿದ.

ಸೊಸೆ ತಲೆ ಎತ್ತಲಿಲ್ಲ. ಹೊಲಿಗೆ ತುದಿ ಮುಟ್ಟುವವರೆಗೆ ಮಿಷನ್ ತುಳಿದಳು. ಬಟ್ಟೆ ತೆಗೆದು ಕೊಡವಿ, ಆರೇಳು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಳು.

"ಏನಿಲ್ಲ... ಇದರ ಬಗ್ಗೆ ಸ್ವಲ್ಪ ಹೇಳ್ತೀಯಾ?" ಎಂದ ಅವನು.

ಬಾಯಿ ತುಂಬ ಸೂಜಿಯಿದ್ದವಳು ಮಾತಾಡುವಂತಿರಲಿಲ್ಲ. ಗದ್ದದಿಂದಲೇ ಬಟ್ಟೆಯ ಇನ್ನೊಂದು ತುದಿ ತೋರಿಸಿದಳು. ಅವನು ನೋಟ್‌ಬುಕ್ಕನ್ನು ಎಲ್ಲಿಡುವುದೆಂದು ತಿಳಿಯದೆ ಅತ್ತಿತ್ತ ನೋಡಿ, ಕೊನೆಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ತುದಿ ಹಿಡಿದ. ಮಡಿಕೆ ಮೇಲೆ ಬರಬೇಕಿತ್ತು. ಅವನು ಕೆಳಗೆ ಮಾಡಿ ಹಿಡಿದಿದ್ದ. ಲಾಂಡ್ರಿಯಮ್ಮ ಅದನ್ನು ಮಂಚದಿಂದಲೇ ಕಂಡಳು.

ಸೊಸೆ ತುಟಿಯಿಂದ ಒಂದೊಂದೇ ಸೂಜಿ ತೆಗೆದು ಅಂಚಿಗೆ ಚುಚ್ಚುತ್ತ, ಅವಸರವಿಲ್ಲದೆ, ಅವನ ಬೆರಳಿದ್ದಲ್ಲಿಯವರೆಗೆ ಬಂದಳು.