ಕಂಡಕ್ಟರ್ ಹೊತ್ತು ತಂದ ಕುರ್ಚಿ

ಮಾವನ ಬಾಯಿಗೆ ಡಾಕ್ಟರು ಬೀಗ ಹಾಕಿದ ದಿನ ಬೀದಿಗೆ ಬೀದಿಯೇ ನಕ್ಕಿತು, ಸೊಸೆಗೆ ಮಾತ್ರ ನಗು ಬರಲಿಲ್ಲ. ಗಂಟಲಿಗೆ ಆಪರೇಷನ್ ಆಗಿತ್ತು, ತಿಂಗಳು ಪೂರ್ತಿ ಪಿಟ್ಟೆನ್ನುವಂತಿರಲಿಲ್ಲ. ಇಷ್ಟು ದಿನ ಬರೀ ಗಲ್ಲಾದ ಮುಂದೆ ಕೂರುತ್ತಿದ್ದ ಸೊಸೆಯೇ ಇನ್ನು ಕುರ್ಚಿ ಅಂಗಡಿಯನ್ನು ನೋಡಬೇಕು. ಅವಳ ಕೈಲಾಗದಿದ್ದರೆ ಅಂಗಡಿ ಮುಚ್ಚಿ ಬಾಡಿಗೆಗೆ ಕೊಡುವುದೆಂದು ಅತ್ತೆ ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಆ ಮನೆಯಲ್ಲಿ ಮಧ್ಯೆ ಬಾಯಿ ಹಾಕುವುದೇ ಪ್ರೀತಿ. ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ಮುಗಿಸಬೇಕು, ಇಲ್ಲದಿದ್ದರೆ ಕಿವಿಗೇ ಹಾಕಿಕೊಂಡಿಲ್ಲವೆಂದು ಮುನಿಸು. ಗಿರಾಕಿ "ಬೆನ್ನು..." ಅನ್ನುವಷ್ಟರಲ್ಲಿ ಮಾವ, "ನಿಮ್ಮ ಬೆನ್ನು ನಂಗೊತ್ತಿಲ್ವಾ, ಬಿಡಿ!" ಎಂದು ದಿಂಬು ತಂದಾಗಿರುತ್ತಿತ್ತು. ಜನಕ್ಕೂ ಅದೇ ಇಷ್ಟ. ಸೊಸೆಯ ತವರು ಇದಕ್ಕೆ ತದ್ವಿರುದ್ಧ. ಅಲ್ಲಿ ಹೇಳುವವರು ಪೂರ್ತಿ ಹೇಳಿ ಮುಗಿಸಬೇಕು, ಆಮೇಲೇ ಉತ್ತರ. ಪಾಪ, ಮದುವೆಯಾಗಿ ಬಂದಾಗಿನಿಂದ ಅವಳು ಈ ಮನೆಯಲ್ಲಿ ಒಂದು ಮಾತಿನ ಕೊನೆ ಮುಟ್ಟಿರಲಿಲ್ಲ.

ಮೊದಲ ದಿನ ಬಂದವರೆಲ್ಲ ಅವಳ ಮೌನಕ್ಕೆ ಕಂಗಾಲಾದರು. "ಗೋಡೆಗೆ ಹೇಳಿದಂಗಾಯ್ತು," ಎಂದು ಒಬ್ಬಾಕೆ ಹೊರಟೇ ಹೋದಳು. ಮೂಲೆಯಲ್ಲಿ ಕೂತ ಮಾವ ಕೈ ಕೈ ಹಿಸುಕಿಕೊಂಡರು. ಸಂಜೆ ಅತ್ತೆ ಬಾಡಿಗೆಯ ಮಾತೆತ್ತಿದರು.

ಮಾರನೆಯ ದಿನ ರಿಟೈರಾದ ಬಸ್ ಕಂಡಕ್ಟರ್ ತಲೆಯ ಮೇಲೆ ಕುರ್ಚಿ ಹೊತ್ತು ಬಂದ. ಬರುತ್ತಿದ್ದದ್ದು ಮೂರನೇ ಸಲ! ಮೊದಲ ಸಲ ಅವನು ಬಾಯಿ ತೆರೆಯುವ ಮೊದಲೇ ಮಾವ ಮೆತ್ತೆ ಬದಲಾಯಿಸಿದ್ದರು, ಎರಡನೇ ಸಲ ಕಾಲು ಬಿಗಿ ಮಾಡಿದ್ದರು. ಈಗಲೂ ಸುತ್ತಿಗೆ ಹಿಡಿದು ಎದ್ದೇಬಿಟ್ಟರು. ಸೊಸೆ ಮೆಲ್ಲಗೆ ಸುತ್ತಿಗೆ ಇಸಿದುಕೊಂಡಳು. "ಹೇಳಿ," ಎಂದಳು.

"ಈ ಕುರ್ಚಿ ಇದೆಯಲ್ಲಮ್ಮ..." ಎಂದು ಅವನು ಅಭ್ಯಾಸಬಲದಿಂದ ನಿಲ್ಲಿಸಿದ. ಯಾರೂ ಬಾಯಿ ಹಾಕಲಿಲ್ಲ. "ಏನಮ್ಮ, ಕೇಳಿಸ್ತಿದೆಯಾ?" ಎಂದವನು ಮುಖ ಸಣ್ಣಗೆ ಮಾಡಿಕೊಂಡು ಕುರ್ಚಿ ಎತ್ತಿದ.

ಟಕ್ ಟಕ್! ಮಾವ ಮೇಜು ಕುಟ್ಟುತ್ತ, ಹೂಂಗುಟ್ಟು ಎಂಬಂತೆ ಜೋರಾಗಿ ತಲೆಯಾಡಿಸುತ್ತ ಸೊಸೆಯನ್ನೇ ನೋಡುತ್ತಿದ್ದರು. ಅವಳಿಗೆ ಥಟ್ಟನೆ ಹೊಳೆಯಿತು. "ಹೂಂ, ಆಮೇಲೆ?" ಎಂದಳು.

ಕಂಡಕ್ಟರ್‌ಗೆ ಜೀವ ಬಂತು. "ಮೂವತ್ತು ವರ್ಷ ನಿಂತೇ ದುಡಿದೆ. ಇನ್ನಾದ್ರೂ ಆರಾಮಾಗಿ ಕೂರೋಣ ಅಂತ ಇದನ್ನ ತಗೊಂಡೆ."

"ಹೂಂ."

"ನಮ್ಮನೆಯವಳು ಕೂತ್ಲು. ಏಳ್ತಾನೇ ಇಲ್ಲ!"

"ಅಯ್ಯೋ!"

"ಕುರ್ಚಿಗೇನೂ ಆಗಿಲ್ಲಮ್ಮ. ಇದರದೇ ಜೋಡಿ ಇನ್ನೊಂದು ಬೇಕು. ಅವಳ ಪಕ್ಕದಲ್ಲೇ ಕೂರ್ಬೇಕು ನಾನು. ತೋರ್ಸೋಣ ಅಂತ ಹೊತ್ಕೊಂಡ್ ಬಂದ್ರೆ ಯಜಮಾನ್ರು ರಿಪೇರಿ ಮಾಡಿ ವಾಪಸ್ ಕಳಿಸ್ತಾರೆ!"

ಮಾವ ಹಣೆ ಚಚ್ಚಿಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಂಡಕ್ಟರ್ ಜೋಡಿ ಕುರ್ಚಿ ಗಾಡಿಗೆ ಹಾಕಿಸಿಕೊಂಡು ಹೋದಮೇಲೆ ಅವರ ನಗು ನಿಂತಿತು. ಸೊಸೆಯ ಎದುರು ಬಂದು ಕೂತು, ತುಟಿಯ ಮೇಲೆ ಬೆರಳಿಟ್ಟುಕೊಂಡು, ನೀನು ಹೇಳು ಎಂಬಂತೆ ಕೈ ಚಾಚಿದರು.

"ಮಾವ, ಈ ಗಲ್ಲಾದ ಸ್ಟೂಲು..." ಎಂದು ಅವಳೂ ಅಭ್ಯಾಸಬಲದಿಂದ ನಿಲ್ಲಿಸಿದಳು. ಮಾವ ಮೇಜು ಕುಟ್ಟಿದರು, ಟಕ್. "ನಂಗೆ ಎತ್ತರ. ಬಂದಾಗಿಂದ ಕಾಲು ನೆಲಕ್ಕೆ ಎಟುಕ್ತಿಲ್ಲ. ಹೇಳೋಣ ಅಂತಿದ್ದೆ."

ಮಾವ ತಕ್ಷಣ ಎದ್ದರು. ಸ್ಟೂಲು ಮಗುಚಿ, ಗರಗಸ ತಂದು, ನಾಲ್ಕೂ ಕಾಲಿನಿಂದ ಅಷ್ಟಷ್ಟು ಕೊಯ್ದು ಅವಳನ್ನು ಕೂರಿಸಿದರು. ಡಾಕ್ಟರು ಹೇಳಿದ್ದೂ ಮರೆತು ಪಿಸುಗುಟ್ಟಿದರು, "ಇನ್ನೊಂಚೂರು ಕೊಯ್ಲೇನಮ್ಮ?"

ಕೇಳಿ, ಅವಳು ಉತ್ತರಿಸುವ ತನಕ ಕಾದರು.