ಮೊದಲ ಅಕ್ಷರಕ್ಕೂ ಮುಂಚೆ

"ಈಗ... ಈಗ ಕೇಳಿಸ್ತಲ್ಲ?" ಎಂದು ಕುರಮೊಚಿ ಎರಡು ಸ್ಪೀಕರುಗಳ ನಡುವಿನ ಬರಿಗೋಡೆಯತ್ತ ಬೆರಳು ಚಾಚಿದ. ಅವನ ಮಾತು ಮುಗಿಯುವುದರೊಳಗೆ ಚಿಯೊಕೊಳ ದನಿ ಪದ್ಯದ ಮೊದಲ ಸಾಲನ್ನು ಎಳೆಎಳೆಯಾಗಿ ಬಿಡಿಸತೊಡಗಿತ್ತು.

"ಏನು ಭಾವ?" ಎಂದಳು ನತ್ಸುಯೊ.

"ಉಸಿರು ಕಣಮ್ಮ. ನಿಮ್ಮಕ್ಕ ಉಸಿರೆಳ್ಕೊಂಡಿದ್ದು. ಪದ್ಯ ಶುರು ಮಾಡೋಕ್ಕೆ ಮುಂಚೆ."

ನತ್ಸುಯೊ ಅಕ್ಕನ ವರ್ಷದ ತಿಥಿಗೆಂದು ಬಂದಿದ್ದಳು. ಬೌದ್ಧ ಭಿಕ್ಷು ಸೂತ್ರ ಹೇಳಿ ಹೊರಟುಹೋಗಿದ್ದ. ಪಕ್ಕದ ಕೋಣೆಯಲ್ಲಿ ಚಿಯೊಕೊಳ ಪಟದೆದುರು ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು. ಕುರಮೊಚಿಯ ಗೆಳೆಯ ಸುಗಿಮೊರಿ ಮಾತ್ರ ಹೂರಣ ಮೆತ್ತಿದ ಅನ್ನದುಂಡೆಗಳ ಆಸೆಗೆ ಉಳಿದುಕೊಂಡಿದ್ದ. ಇಬ್ಬರೂ ರೈಲ್ವೆಯಲ್ಲಿದ್ದ ಕಾಲದಿಂದ ಸ್ಪೀಕರುಗಳ ಹುಚ್ಚಿನವರು. ಆಂಪ್ಲಿಫೈಯರಿನಿಂದ ಸ್ಪೀಕರುಗಳಿಗೆ ಹರಿದಿದ್ದ, ಹಾವಿನಂತೆ ದಪ್ಪನೆಯ ಹೊಸ ಕೇಬಲ್ಲನ್ನು ಹುಡುಕಿ ತಂದವನೂ ಸುಗಿಮೊರಿಯೇ.

ಸರೋವರದ ದಂಡೆಯ ಆ ಊರಿನಲ್ಲಿ ಚಿಯೊಕೊಳ ದನಿ ಕೇಳದವರಿರಲಿಲ್ಲ. ಇಸ್ಪೀಟಿನಂಥ ಪದ್ಯದೆಲೆಗಳ ಆಟಕ್ಕೆ ಅವಳು ಓದುವವಳು. ಎಲೆಗಳ ಮೇಲೆ ಪದ್ಯದ ಉತ್ತರಾರ್ಧ ಮಾತ್ರ ಇರುತ್ತದೆ. ಅವಳು ಪೂರ್ವಾರ್ಧ ಹಾಡಲು ಶುರುಮಾಡುತ್ತಿದ್ದಂತೆ ಎದುರುಬದುರು ಮಂಡಿಯೂರಿದವರು ಸರಿಯಾದ ಎಲೆಯನ್ನು ಚಾಪೆಯಿಂದ ಹೊಡೆದು ಹಾರಿಸಬೇಕು. ಪಳಗಿದವರು ಮೊದಲ ಅಕ್ಷರಕ್ಕೂ ಕಾಯುವುದಿಲ್ಲ, ಅದಕ್ಕೆ ಮುಂಚಿನ ಉಸಿರಲ್ಲೇ ಪದ್ಯವನ್ನು ಗುರುತಿಸುತ್ತಾರೆ. ನತ್ಸುಯೊ ಹಾಗೆ ಪಳಗಿದವಳು.

ಚಿಯೊಕೊ ತೀರಿಕೊಂಡ ಹೊತ್ತಿಗೆ ಕುರಮೊಚಿ ಆಸ್ಪತ್ರೆಯ ಕೆಳಮಹಡಿಗೆ ಚಹಾ ತರಲು ಹೋಗಿದ್ದ. ಬಿಸಿ ಚಹಾದ ಡಬ್ಬಿ ಹಿಡಿದು ಮೇಲೆ ಬಂದಾಗ ನರ್ಸು ಹಾಸಿಗೆಯ ಸುತ್ತ ಪರದೆ ಎಳೆಯುತ್ತಿದ್ದಳು. ಆಮೇಲೆ ಉಳಿದದ್ದು ಅವಳು ಪದ್ಯ ಓದಿದ ಈ ಒಂದು ಟೇಪು. ಹೊಸ ಕೇಬಲ್ಲು ಬಂದ ದಿನ ಅದರಲ್ಲಿ ಉಸಿರು ಕೇಳಿಸಿತು. ಅಂದಿನಿಂದ ಪ್ರತಿ ಬೆಳಗ್ಗೆ ಪಟದೆದುರು ಅನ್ನವಿಟ್ಟು ಅದನ್ನು ಕೇಳುತ್ತಾನೆ. ಕೇಳಿದ ಮೇಲೆಯೇ ಅವನ ಬಾಯಿಗೆ ತುತ್ತು.

"ನನಗೇನೂ ಕೇಳಿಸ್ಲಿಲ್ಲ ಭಾವ."

"ವಯಸ್ಸಾಯ್ತು ನಿನಗೆ. ಕಿವಿ ಮಂದ."

"ನನ್ನ ಕಿವೀನಾ? ಅಕ್ಕನ ಉಸಿರು ಕೇಳ್ಕೊಂಡೇ ಬೆಳೆದ ಕಿವಿ ಇದು. ಟೇಪಲ್ಲಿ ಇರೋದಾದ್ರೆ ಹಳೇ ವೈರಲ್ಲೂ ಬರ್ಬೇಕಲ್ಲ? ಎರಡೂ ತಾಮ್ರಾನೇ ತಾನೆ?"

ಸುಗಿಮೊರಿ ತುಂಬಿದ ಬಾಯಲ್ಲೇ ನಕ್ಕ. "ಅಯ್ಯಯ್ಯೋ, ಆ ಮಾತು ಈ ಮನೇಲಿ ಆಡ್ಬೇಡಿ ತಾಯಿ. ನಮ್ಮ ಕೂಟದಲ್ಲಿ ಅದೊಂದು ಮಾತಿಗೆ ಅಣ್ಣ ತಮ್ಮಂದಿರೇ ಮುಖ ತಿರುಗಿಸ್ಕೊಂಡಿದಾರೆ."

"ಬೇಕಾದ್ರೆ ನೋಡೇ ಬಿಡೋಣ," ಎಂದ ಕುರಮೊಚಿ. ದನಿ ಗಡುಸಾಗಿತ್ತು. "ಕಣ್ಣು ಕಟ್ಟಿ. ಹಳೇದೋ ಹೊಸದೋ ಯಾವುದನ್ನಾದ್ರೂ ಸಿಕ್ಸಿ, ಹೇಳ್ಬೇಡಿ. ಉಸಿರು ಕೇಳಿದ್ ತಕ್ಷಣ ಚಾಪೆ ಹೊಡೀತೀನಿ. ನಿಮ್ಮ ಆಟದ ಥರಾನೇ."

ಕಣ್ಣಿಗೆ ಟವೆಲು ಕಟ್ಟಿಕೊಂಡು ಅವನು ಮಂಡಿಯೂರಿ ಕೂತ. ನತ್ಸುಯೊ ಆಂಪ್ಲಿಫೈಯರಿನ ಹಿಂದೆ ಬಗ್ಗಿದಳು, ಸುಗಿಮೊರಿ ಟೇಪಿನ ಬಳಿ ಕುಳಿತ. ಮೊದಲ ಸಲ ಕುರಮೊಚಿಯ ಅಂಗೈ ಚಾಪೆಗೆ ಬಡಿಯಿತು, ಬೆನ್ನಿಗೇ ದನಿ ಬಂತು. "ಹೊಸದು," ಎಂದ. ಹೊಸದೇ ಆಗಿತ್ತು. ಸುಗಿಮೊರಿ ಭೇಷ್ ಎಂದು ತೊಡೆ ತಟ್ಟಿ ಟೇಪನ್ನು ಹಿಂದಕ್ಕೆ ಸುತ್ತಿದ. ನತ್ಸುಯೊಳ ಕೆಲಸ ಮುಗಿದಿರಬೇಕೆಂದುಕೊಂಡು ಮತ್ತೆ ಗುಂಡಿ ಒತ್ತಿದ.

ಅಂಗೈ ಈ ಸಲ ಇನ್ನೂ ಜೋರಾಗಿ ಬಡಿಯಿತು.

"ಹೊಸದೇ! ಈ ಸಲವಂತೂ ಎಷ್ಟು ಸ್ಪಷ್ಟ! ತುಟಿ ಬಿಚ್ಚಿದ್ದೂ ಕೇಳಿಸ್ತು ಕಣೋ."

ಅವನು ದನಿಗಾಗಿ ಕಾದ. ಟೇಪು ತಿರುಗುತ್ತಲೇ ಇತ್ತು. ದನಿ ಬರಲಿಲ್ಲ.

ನತ್ಸುಯೊ ಎದ್ದು ನಿಂತಳು. ಎರಡೂ ಕೇಬಲ್ಲುಗಳ ಬೆತ್ತಲೆ ತುದಿಗಳು ಅವಳ ಕೈಯಲ್ಲಿದ್ದವು. "ಭಾವ... ನಾನಿನ್ನೂ ಯಾವುದನ್ನೂ ಸಿಕ್ಸಿಲ್ಲ."

ಚಾಪೆಯ ಮೇಲೆ ಎಲೆಯೇ ಇಲ್ಲದ ಪದ್ಯವನ್ನೂ ಆಟದಲ್ಲಿ ಓದುವುದುಂಟು. ಆಗ ಕೈ ಅಲುಗಬಾರದು. ಅಲುಗಿಸಿದ ಹೊಸಬರಿಗೆ ನತ್ಸುಯೊ "ಖಾಲಿ ಪದ್ಯ!" ಎಂದು ಗದರುತ್ತಿದ್ದಳು. ಅದೇ ಮಾತು ಈಗಲೂ ತುದಿನಾಲಗೆಗೆ ಬಂತು, ಅವಳು ತುಟಿ ಕಚ್ಚಿಕೊಂಡಳು.

"ತಪ್ಪು ನಂದು ಮಾರಾಯ, ಅವಸರ ಮಾಡ್ಬಿಟ್ಟೆ..." ಎಂದ ಸುಗಿಮೊರಿ.

"ಸಿಕ್ಸು," ಎಂದ ಕುರಮೊಚಿ.

"ಯಾವುದನ್ನ ಭಾವ?"

"ಯಾವುದಾದ್ರೂ."

ಅವಳು ಹೊಸದನ್ನೇ ಸಿಕ್ಕಿಸಿದಳು. ಟೇಪಿನ ಸುಯ್ಯೆನ್ನುವ ಸದ್ದು, ನಂತರ ನೇರವಾಗಿ ಪದ್ಯದ ಮೊದಲ ಅಕ್ಷರ. ಅಂಗೈ ಕದಲಲಿಲ್ಲ. "ಇನ್ನೊಂದು ಸಲ," ಎಂದ. ಮತ್ತೆ ಸುಯ್ಯೆಂಬ ಸದ್ದು, ಮತ್ತೆ ಮೊದಲ ಅಕ್ಷರ. ನಡುವೆ ಏನೂ ಇರಲಿಲ್ಲ. ಸುಗಿಮೊರಿ ತನ್ನ ಕೋಟಿನ ಕಡೆ ನೋಡಿದ. "ಇನ್ನೊಂದು ಸಲ," ಎಂದ ಕುರಮೊಚಿ.

"ಈಗ ಕೇಳಿಸ್ತು ಭಾವ," ಎಂದಳು ನತ್ಸುಯೊ ಥಟ್ಟನೆ. "ನಿಜವಾಗ್ಲೂ. ನನಗೂ ಕೇಳಿಸ್ತು."

ಅವನು ಟವೆಲು ಬಿಚ್ಚಿ ಅವಳ ಮುಖವನ್ನೇ ನೋಡಿದ.

"ಇಲ್ಲಮ್ಮ," ಎಂದ. "ಇಲ್ಲ."

ಟೇಪು ಮುಂದಿನ ಪದ್ಯಕ್ಕೆ ಹೋಯಿತು. ಯಾರೂ ನಿಲ್ಲಿಸಲಿಲ್ಲ. ಕುರಮೊಚಿ ಮೆಲ್ಲಗೆ ಕೈಯೆತ್ತಿದ. ಚಾಪೆಯ ಹೆಣಿಗೆ ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಅದು ಮಾಸುವವರೆಗೂ ಅವನು ನೋಡುತ್ತ ಕೂತ.