ಮುಂದಿನ ವರ್ಷದ ರಿಜಿಸ್ಟರು

"ಓರೆ ಮಾಡಿ ಸಾರ್, ಇನ್ನೂ ಸ್ವಲ್ಪ ಓರೆ ಮಾಡಿ! ಕಾಲು ಮೊದಲು ಆಚೆ ಬರ್ಲಿ," ಎಂದು ಅಟೆಂಡರ್ ಹೊರಗಿನಿಂದ ಕೂಗಿದ.

ಮೇಜಿನ ಕಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ಅಕ್ಕನ ದೇಹವನ್ನು ತರುವ ಆಸ್ಪತ್ರೆಯ ಗಾಡಿ ಇನ್ನರ್ಧ ಗಂಟೆಯಲ್ಲಿ ಬರುವುದರಲ್ಲಿತ್ತು. ಮುಂದಿನ ಕೋಣೆಯಲ್ಲಿ ಅಕ್ಕನನ್ನು ಮಲಗಿಸಬೇಕೆಂದರೆ ಈ ಮೇಜು ಹೊರಗೆ ಹೋಗಲೇಬೇಕು. ತಮ್ಮ ಒಳಗಿನಿಂದ ನೂಕಿದ. ಒಂಬತ್ತು ವರ್ಷದ ಮೇಲೆ ಅಕ್ಕನ ಮನೆಯೊಳಗೆ ಕಾಲಿಟ್ಟವನಿಗೆ ಮೊದಲು ಸಿಕ್ಕಿದ್ದು ಈ ಕೂಲಿ ಕೆಲಸ. ಅದೇ ವಾಸಿ ಅನ್ನಿಸಿತ್ತು ಅವನಿಗೆ. ಕೈಗೆ ಕೆಲಸವಿದ್ದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಮೇಜು ಅಂಗಳಕ್ಕೆ ಬಂತು. ಅಟೆಂಡರ್ ಅದರ ಮೇಲಿದ್ದ ಹಳೆಯ ಟೈಪ್‌ರೈಟರಿನ ಧೂಳನ್ನು ತೋಳಿನಿಂದ ಒರೆಸಿದ. ರಿಟೈರಾಗಿ ನಾಲ್ಕು ವರ್ಷವಾಗಿದ್ದರೂ ಅವನು ಕೋರ್ಟಿನ ಖಾಕಿ ಅಂಗಿಯಲ್ಲೇ ಬಂದಿದ್ದ.

"ಇದನ್ನ ಕಚೇರಿಯವರು ತೂಕಕ್ಕೆ ಹಾಕೋಕೆ ಹೊರಟಿದ್ರು. ನಕಲಕ್ಕ ಬಿಡ್ಲಿಲ್ಲ, ಅರ್ಜಿ ಬರೆದು ಕೊಂಡ್ಕೊಂಡ್ರು. ಅರ್ಜಿ ಇಲ್ದೆ ಆ ಮನುಷ್ಯಳು ಒಂದು ಲೋಟ ನೀರೂ ಕುಡೀತಿರಲಿಲ್ಲ!"

ಗೇಟಿನ ಬಳಿ ನಿಂತಿದ್ದ ನಾಲ್ಕೈದು ಜನ ನಕ್ಕರು, ನಕ್ಕಿದ್ದು ತಪ್ಪಾಯಿತೇನೋ ಎಂಬಂತೆ ಸುಮ್ಮನಾದರು. ಅಕ್ಕ ಮೂವತ್ತೊಂದು ವರ್ಷ ಕ್ರಿಮಿನಲ್ ಕೋರ್ಟಿನ ನಕಲು ವಿಭಾಗದಲ್ಲಿ ಕೂತವಳು. ಯಾರಿಗಾದರೂ ಹಳೆಯ ಕೇಸಿನ ಕಾಗದ ಬೇಕೆಂದರೆ ಅವಳ ಕಿಟಕಿಗೇ ಬರಬೇಕು. ಅದಕ್ಕೇ ಊರಿಗೆಲ್ಲ ಅವಳು ನಕಲಕ್ಕ.

"ಕಿಟಕೀಲಿ ಕೂತು ಪಾಠ ಹೇಳೋರು ನೋಡಿ," ಅಟೆಂಡರಿಗೆ ಮಾತು ಹತ್ತಿತು. "'ಪೊಲೀಸ್ ಸ್ಟೇಷನ್ನಿನ ಕೇಸ್ ನಂಬರೇ ಬೇರೆ, ಕೋರ್ಟ್ ನಂಬರೇ ಬೇರೆ. ನಂಬರ್ ಗೊತ್ತಿಲ್ವಾ? ಗಾಬರಿ ಬೇಡ. ಯಾವ ಸ್ಟೇಷನ್ನು, ಯಾವ ತಾರೀಕು, ಯಾರ ಮೇಲೆ ಕೇಸು, ಅಷ್ಟು ಬರೀರಿ. ಪೂರ್ತಿ ಹೆಸರು, ತಂದೆ ಹೆಸರು, ಅಕ್ಷರ ಬಿಡಿಸಿ ಬರೀರಿ. ಆ ವರ್ಷದ ರಿಜಿಸ್ಟರಲ್ಲಿ ಇಲ್ದಿದ್ರೆ ಮುಂದಿನ ವರ್ಷದ್ದು ನೋಡೋಣ.' ಟೈಪಾದ ಮೇಲೆ ನಾನು ಮೂಲ ಓದ್ಬೇಕು, ಅವರು ನಕಲಿನ ಮೇಲೆ ಬೆರಳಿಟ್ಕೊಂಡು ಬರೋರು. ಒಂದಕ್ಷರ ಹೆಚ್ಚು ಕಡಿಮೆ ಆದ್ರೂ ಹಾಳೆ ಹರಿದು ಹೊಸದಾಗಿ ಟೈಪ್ ಮಾಡೋರು."

ಮುಂದಿನ ವರ್ಷದ್ದು ಎಂಬ ಮಾತಿಗೆ ತಮ್ಮನ ಕಿವಿ ಬಿಸಿಯಾಯಿತು. ಅಟೆಂಡರ್ ಬೇಕೆಂದೇ ಹೇಳಿದನೋ, ಬಾಯಿತಪ್ಪಿ ಬಂತೋ ತಿಳಿಯಲಿಲ್ಲ. ರೆಕಾರ್ಡ್ ರೂಮಿನಿಂದ ಕಡತಗಳನ್ನು ಹೊತ್ತು ತರುತ್ತಿದ್ದವನು ಅವನೇ. ಅವನಿಗೆ ಗೊತ್ತಿಲ್ಲದ್ದು ಯಾವುದಿತ್ತು?

*

ಒಂಬತ್ತು ವರ್ಷದ ಹಿಂದೆ, ಒಂದು ಸಂಜೆ, ತಮ್ಮ ಇದೇ ಮನೆಯ ಅಡುಗೆಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ. ಅಕ್ಕ ಚಹಾ ಸೋಸುತ್ತಿದ್ದಳು.

"ನಿನ್ನ ಕಿಟಕಿಗೆ ಒಬ್ಬಳು ಬಂದಿದ್ಲಂತೆ. ದರ್ಜಿಯ ಹೆಂಡತಿ."

"ಬಂದಿದ್ಲು."

"ಅವಳು ಕೇಳಿದ ಕಾಗದ ಸಿಗಲಿಲ್ಲ ಅಂತ ಬರೆದುಬಿಡಕ್ಕ."

"ಇರೋದನ್ನ ಇಲ್ಲ ಅಂತ ಬರೆಯೋಕಾಗುತ್ತೇನೋ?"

ಅದಕ್ಕೂ ಎರಡು ವರ್ಷ ಹಿಂದಿನ ಮಾತು. ವರ್ಷದ ಕೊನೆಯ ವಾರ, ಮಬ್ಬುಗತ್ತಲು. ಆಗ ಅಂಗಡಿಯೊಂದರ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ ತಮ್ಮ ಸೈಕಲ್ಲಿನಲ್ಲಿ ಹೋಗುತ್ತಿದ್ದ ದರ್ಜಿಗೆ ಹೊಡೆದ. ಕನ್ನಡಿ ಒಡೆದ ಸದ್ದು ಕೇಳಿತು. ಸೈಕಲ್ಲು ಚರಂಡಿಗೆ ಬಿದ್ದದ್ದೂ ಕಾಣಿಸಿತು. ಅವನು ನಿಲ್ಲಿಸಲಿಲ್ಲ. ಒಡೆದ ಕನ್ನಡಿಯ ಚೂರು ಹಿಡಿದು ಪೊಲೀಸರು ವ್ಯಾನಿನ ಜಾಡು ಹಿಡಿದರು. ಕೇಸು ಕೋರ್ಟಿಗೆ ಬಂದಾಗ ವಕೀಲರು, ತಪ್ಪೊಪ್ಪಿಕೊಂಡುಬಿಡು, ಸಾಕ್ಷಿ ವಿಚಾರಣೆ ಏನೂ ಇರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ದಂಡದ ಜೊತೆಗೆ ಕೋರ್ಟು ಏಳುವ ತನಕ ಬೆಂಚಿನ ಮೇಲೆ ಕೂತಿರುವ ಶಿಕ್ಷೆಯಾಯಿತು. ಸಂಜೆ ಐದಕ್ಕೆ ಕೋರ್ಟು ಎದ್ದಿತು, ಇವನೂ ಎದ್ದು ಮನೆಗೆ ಹೋದ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ.

"ಸ್ಕೂಲ್ ವ್ಯಾನಿನ ಕೆಲಸ ಸಿಕ್ಕಿ ಇನ್ನೂ ಆರು ತಿಂಗಳಾಗಿಲ್ಲ. ಆ ಕಾಗದ ಹೊರಗೆ ಬಂದ್ರೆ ನಾಳೆನೇ ಮನೆಗೆ ಕಳಿಸ್ತಾರೆ. ನಿನ್ನ ಕೈಲಿದೆ, ಅಕ್ಕ," ಎಂದು ಕೈ ಮುಗಿದ.

ಅಕ್ಕ ಚಹಾದ ಜರಡಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ, ತನಗೆ ತಾನೇ ಹೇಳಿಕೊಂಡಂತೆ, "ಪಾಪ, ಅಪಘಾತ ಆದ ವರ್ಷ ಬರೆದಿದ್ದಾಳೆ. ಕೇಸು ರಿಜಿಸ್ಟರಾಗಿದ್ದು ಅದರ ಮುಂದಿನ ವರ್ಷ," ಎಂದಳು.

"ಹಾಗಾದ್ರೆ ಅವಳು ಹೇಳಿದ ವರ್ಷದಲ್ಲಿ ಇಲ್ಲ ಅಂತ ಬರಿ. ಅದರಲ್ಲಿ ಸುಳ್ಳೇನು ಬಂತು?"

ಅಕ್ಕ ಚಹಾದ ಲೋಟವನ್ನು ಅವನ ಕೈಗೆ ಕೊಡುವ ಬದಲು ಕಟ್ಟೆಯ ಮೇಲಿಟ್ಟಳು. ಮರುದಿನ ಅರ್ಜಿ ವಾಪಸ್ಸಾಯಿತು: ನಮೂದಿಸಿದ ವರ್ಷದಲ್ಲಿ ದಾಖಲೆ ಸಿಕ್ಕಿಲ್ಲ.

ಮೂರು ತಿಂಗಳ ಮೇಲೆ, ಹೇಗೋ ಏನೋ, ಆ ಹೆಂಗಸಿನ ಕೈಗೆ ತೀರ್ಪಿನ ನಕಲು ಸಿಕ್ಕಿತು. ಸುದ್ದಿ ಸ್ಕೂಲಿಗೆ ಮುಟ್ಟಿತು, ಕೆಲಸ ಹೋಯಿತು. ತಮ್ಮ ನೆಟ್ಟಗೆ ಕೋರ್ಟಿಗೆ ಹೋಗಿ, ಸಾಲಿನಲ್ಲಿ ನಿಂತ ಇಪ್ಪತ್ತು ಜನರೆದುರು ಕಿಟಕಿಯ ಸರಳು ಹಿಡಿದು, "ಒಡಹುಟ್ಟಿದವನನ್ನ ಒಂದು ಸೀಲಿಗೆ ಮಾರ್ಕೊಂಡೆಯಲ್ಲೇ!" ಎಂದು ಕಿರುಚಿದ. ಅಕ್ಕ ತಲೆ ಎತ್ತಿ, "ಸಾಲಿನಲ್ಲಿ ಜನ ಇದಾರೆ. ಸ್ವಲ್ಪ ಪಕ್ಕಕ್ಕೆ ನಿಂತ್ಕೊ," ಎಂದಳು, ಅಷ್ಟೇ. ಅದೇ ಅವಳ ಬಾಯಿಂದ ಅವನು ಕೇಳಿದ ಕೊನೆಯ ಮಾತು. ಅಲ್ಲಿಂದಾಚೆ ಸಿಕ್ಕಿದವರಿಗೆಲ್ಲ ಅವನು ಅಕ್ಕ ಹೊಟ್ಟೆಕಿಚ್ಚಿಗೆ ಹಾಗೆ ಮಾಡಿದಳೆಂದೇ ಹೇಳಿಕೊಂಡು ಬಂದ. ಅವನ ಹೆಂಡತಿ ಅದನ್ನು ಎಷ್ಟು ನಂಬಿದ್ದಳೆಂದರೆ ಇವತ್ತು ಮಣ್ಣಿಗೂ ಬಂದಿರಲಿಲ್ಲ.

*

ಆಸ್ಪತ್ರೆಯಿಂದ ಬಂದ ಪೆಟ್ಟಿಗೆಯಲ್ಲಿ ಅಕ್ಕ ಚಿಕ್ಕವಳಾಗಿ ಕಾಣುತ್ತಿದ್ದಳು. ಜನ ಬರುತ್ತಲೇ ಇದ್ದರು. ತಮ್ಮನಿಗೆ ಒಬ್ಬರದೂ ಪರಿಚಯವಿಲ್ಲ. ಒಬ್ಬ ಮುದುಕ ಬಂದು, ತನ್ನ ಮೇಲಿನ ಕೇಸು ಬಿದ್ದುಹೋದ ಕಾಗದ ಹುಡುಕಿಕೊಟ್ಟವರು ಇವರೇ ಎಂದು ಕೈ ಮುಗಿದು ಹೋದ. ತಮ್ಮ ಎಲ್ಲರಿಗೂ ತಲೆಯಾಡಿಸುತ್ತಾ ಗೋಡೆಗೆ ಅಂಟಿಕೊಂಡು ನಿಂತಿದ್ದ, ಬೇರೆಯವರ ಮನೆಗೆ ಕರೆಯದೆ ಬಂದವನ ಹಾಗೆ.

ಗೇಟಿನ ಪಕ್ಕದ ಬೆಂಚಿನಲ್ಲಿ ಐವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಒಬ್ಬಳೇ ಕೂತು ಅಳುತ್ತಿದ್ದಳು. ತಮ್ಮ ನೀರು ಕೊಟ್ಟ.

"ನೀವು ಅವರಿಗೆ ಏನಾಗ್ಬೇಕಪ್ಪಾ?"

"ಗೊತ್ತಿರೋರು," ಎಂದುಬಿಟ್ಟ. ಬಾಯಿಗೆ ಬಂದಿದ್ದು ಅದೇ.

"ನಮ್ಮನೆಯವರು ದರ್ಜಿ ಕೆಲಸ ಮಾಡ್ತಿದ್ರು. ಯಾರೋ ವ್ಯಾನಿನವನು ಹೊಡೆದು ಬಿಟ್ಟು ಹೋದ."

ತಮ್ಮನ ಕೈಯಲ್ಲಿದ್ದ ಚೊಂಬು ಕೈಯಲ್ಲೇ ಉಳಿಯಿತು. ಆಕೆಗೆ ಇವನ ಮುಖದ ಗುರುತಿಲ್ಲ. ಗುರುತಿರುವುದಾದರೂ ಹೇಗೆ? ಸಾಕ್ಷಿಗೆಂದು ಆಕೆಯನ್ನು ಕೋರ್ಟು ಕರೆದೇ ಇರಲಿಲ್ಲವಲ್ಲ.

"ಮೆಷಿನ್ ತುಳಿಯೋ ಕಾಲೇ ಹೋಯ್ತು. ಅದನ್ನಾದ್ರೂ ತಡ್ಕೊಂಡ್ವಿ," ಎಂದು ಆಕೆ ಮುಂದುವರಿಸಿದಳು. "ಬೀದಿಯವರೆಲ್ಲ ಕುಡಿದು ಚರಂಡಿಗೆ ಬಿದ್ದ ಅಂದ್ರು. ಇವರು ಹೊಲೀತಿದ್ದ ಅಂಗಡಿ ಮಾಲೀಕನೂ ಅದನ್ನೇ ಹೇಳಿ ಕೆಲಸದಿಂದ ತೆಗೆದ. ತಲೆಗೆ ಪೆಟ್ಟು ಬಿದ್ದು ಇವರಿಗೆ ಆವತ್ತಿಂದು ಒಂದೂ ನೆನಪಿಲ್ಲ. ಆಯುಸ್ಸಲ್ಲಿ ಒಂದು ತೊಟ್ಟು ಕುಡಿದವರಲ್ಲ. ಕೊನೆಕೊನೆಗೆ ಅವರೇ ನನ್ನ ಕೇಳೋರು, 'ಆವತ್ತು ನಾನು ಕುಡಿದಿದ್ನೇನೇ?' ಅಂತ."

ತಮ್ಮನಿಗೆ ಅಲ್ಲಿಂದ ಹೋಗಿಬಿಡಬೇಕೆನಿಸಿತು. ಚೊಂಬನ್ನು ಬೆಂಚಿನ ತುದಿಯಲ್ಲಿಟ್ಟು ಅಲ್ಲೇ ನಿಂತ.

"ಕೇಸು ಯಾವಾಗ್ಲೋ ಮುಗಿದಿದೆ, ವ್ಯಾನಿನವನು ಒಪ್ಕೊಂಡಿದ್ದಾನೆ ಅಂತ ಒಬ್ಬ ಕಾನ್‌ಸ್ಟೇಬಲ್ ಹೇಳ್ದ. ಆ ಕಾಗದಕ್ಕೆ ಅರ್ಜಿ ಹಾಕ್ದೆ. ಸಿಗಲಿಲ್ಲ ಅಂತ ಬಂತು. ಮತ್ತೆ ಎರಡು ಸಲ ಹೋದೆ. ಮೂರನೇ ಸಲ, 'ಅಮ್ಮಾ, ನಮ್ಮನೆಯವರು ಈಗ ತಾನು ಕುಡಿದಿದ್ದೇ ನಿಜ ಅಂತ ನಂಬಿಬಿಟ್ಟಿದ್ದಾರೆ' ಅಂತ ಕಿಟಕಿ ಮುಂದೆ ಅತ್ತು ಬಂದೆ. ಅದಾದ ಭಾನುವಾರ ನಕಲಕ್ಕನೇ ನಮ್ಮನೆ ಹುಡುಕ್ಕೊಂಡು ಬಂದ್ರು, ನಕಲು ಹಿಡ್ಕೊಂಡು. ಒಳಗೆ ಬನ್ನಿ ಅಂದ್ರೆ ಬರ್ಲಿಲ್ಲ. ಹೊಸ್ತಿಲಾಚೆ ನಿಂತು, 'ನೀವು ವರ್ಷ ತಪ್ಪು ಬರೆದಿದ್ರಿ. ಮುಂದಿನ ವರ್ಷದ್ದು ನೋಡೋಣ ಅಂತ ನಾನು ಎಲ್ಲರಿಗೂ ಹೇಳ್ತೀನಿ. ನಿಮಗೆ ಹೇಳಲಿಲ್ಲ. ಬೇಕೂಂತ ಹೇಳಲಿಲ್ಲ. ಕ್ಷಮಿಸಿ,' ಅಂದ್ರು. ಅಷ್ಟು ದೊಡ್ಡೋರು ನನ್ನಂಥವಳ ಮುಂದೆ ತಲೆ ತಗ್ಗಿಸಿದ್ರಪ್ಪ."

"ಯಾಕೆ ಹಾಗೆ ಮಾಡಿದ್ರಂತೆ?" ಎಂದು ಕೇಳಿದ ತಮ್ಮ. ಗೊತ್ತಿದ್ದೂ ಕೇಳಿದ. ಅಕ್ಕ ತನ್ನ ಹೆಸರು ಹೇಳಿರಬಹುದೇ ಎಂಬ ಭಯ ಈಗಲೂ ಒಳಗಿತ್ತು, ಆ ಭಯಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"'ನನ್ನವರೊಬ್ಬರು ಕೇಳ್ಕೊಂಡ್ರು' ಅಂದ್ರು, ಅಷ್ಟೇ. ನಾನೂ ಕೆದಕಲಿಲ್ಲ. ಆ ಕಾಗದ ಓದಿ ಕೇಳಿಸ್ದಾಗ ನಮ್ಮನೆಯವರು ಮಗು ಥರ ಅತ್ರು. ಹೋದ್ವರ್ಷ ತೀರ್ಕೊಂಡ್ರು, ತಲೆ ಎತ್ಕೊಂಡೇ ಹೋದ್ರು." ಆಕೆ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು ತೋರಿಸಿದಳು. ಒಳಗಿನ ಹಾಳೆ ಮಡಿಕೆಗಳಲ್ಲಿ ಸವೆದು ಬಟ್ಟೆಯಂತಾಗಿತ್ತು. ಕೆಳಗಡೆ ಸೀಲು, ಅದರ ಪಕ್ಕ ಅಕ್ಕನ ಪುಟ್ಟ ಸಹಿ. "ಎಲ್ಲಿ ಹೋದ್ರೂ ಇದು ಜೊತೇಲೇ. ಅವನ ಮುಖ ನೋಡಿಲ್ಲ. ಹೆಸರು, ಅವರಪ್ಪನ ಹೆಸರು ಮಾತ್ರ ಬಾಯಿಪಾಠ."

ಅಕ್ಕ ಜೀವಮಾನದಲ್ಲಿ ಒಂದೇ ಒಂದು ಸಲ ಕೆಲಸದಲ್ಲಿ ಮೋಸ ಮಾಡಿದ್ದಳು. ಅದೂ ಅವನಿಗಾಗಿ. ಅದಕ್ಕೆ ಪರರ ಹೊಸ್ತಿಲಲ್ಲಿ ನಿಂತು ಕ್ಷಮೆ ಕೇಳಿದ್ದಳು. ಅವನೋ ಅವಳ ಮೈಮೇಲೆ ಒಂಬತ್ತು ವರ್ಷ ಕೆಸರೆರಚಿಕೊಂಡು ತಿರುಗಿದ್ದ. ಅವನಿಗೆ ನಾಚಿಕೆಯಾಯಿತು. ನೆಲ ಬಾಯಿಬಿಟ್ಟು ನುಂಗಿದರೆ ಸಾಕು ಎನ್ನುವಂಥ ನಾಚಿಕೆ.

*

ಸ್ಮಶಾನದಲ್ಲಿ ಮಣ್ಣು ಹಾಕಿ ಮುಗಿದ ಮೇಲೆ ಕಾವಲುಗಾರ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಉದ್ದನೆಯ ಪುಸ್ತಕ ಬಿಚ್ಚಿಟ್ಟ.

"ಹತ್ತಿರದವರು ಯಾರ್ರೀ? ಹೆಸರು, ತಂದೆ ಹೆಸರು, ಸತ್ತೋರಿಗೆ ಏನಾಗ್ಬೇಕು, ಬರೆದು ಸಹಿ ಹಾಕಿ."

ಅಟೆಂಡರ್ ತಮ್ಮನ ಕಿವಿಯ ಬಳಿ ಬಾಗಿದ. ದರ್ಜಿಯ ಹೆಂಡತಿ ಎರಡು ಹೆಜ್ಜೆ ಆಚೆ ನಿಂತಿದ್ದಳು.

"ಬೇಕಾದ್ರೆ ನಾನು ಹಾಕ್ತೀನಿ ಸಾರ್. ಜೊತೆ ಕೆಲಸ ಮಾಡ್ದೋನು ಅಂತ ಬರೀತೀನಿ. ಯಾರೂ ಕೇಳಲ್ಲ."

ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ಹೂಂ ಅನ್ನುವ ಆಸೆ ತಮ್ಮನಿಗೆ ಆಗಲಿಲ್ಲವೆಂದಲ್ಲ. ಆಮೇಲೆ, "ಬೇಡ, ನಾನೇ ಬರೀತೀನಿ," ಎಂದ.

ಕಾವಲುಗಾರನ ಪೆನ್ನಿನಿಂದ ಅಕ್ಷರ ಮೂಡಲಿಲ್ಲ. "ತಗೋಳಪ್ಪ," ಎಂದು ದರ್ಜಿಯ ಹೆಂಡತಿ ತನ್ನ ಚೀಲದಿಂದ ಪೆನ್ನು ತೆಗೆದು ಕೊಟ್ಟಳು. ಕೈ ತನ್ನಷ್ಟಕ್ಕೆ ತಾನೇ ಗೀಚಲು ಹೊರಟಿತು, ಯಾರಿಗೂ ಓದಲು ಬಾರದ ಹಾಗೆ. ಅವನು ಅದನ್ನು ತಡೆದು, ಅಕ್ಷರ ಬಿಡಿಸಿ ತನ್ನ ಪೂರ್ತಿ ಹೆಸರು ಬರೆದ. ಅದರ ಕೆಳಗೆ ತಂದೆಯ ಹೆಸರು. ಸಂಬಂಧದ ಸಾಲಿನಲ್ಲಿ, ತಮ್ಮ. ಸಹಿ ಹಾಕಿ ಪುಸ್ತಕವನ್ನು ಆಕೆಯ ಕಡೆಗೆ ತಿರುಗಿಸಿದ.

"ಅಮ್ಮಾ, ಇದನ್ನೊಂದು ಸಲ ಓದಿ."

ಆಕೆ ಯಾಕೆಂದು ಅರ್ಥವಾಗದೆ ಅವನ ಮುಖ ನೋಡಿದಳು. ಆಮೇಲೆ ಬಗ್ಗಿ ಓದತೊಡಗಿದಳು. ಬೆರಳು ಹೆಸರಿನ ಕೆಳಗೆ ನಿಧಾನವಾಗಿ ಸರಿದು ಕೊನೆಯಲ್ಲಿ ನಿಂತಿತು, ಮತ್ತೆ ಮೊದಲಿಗೆ ಬಂತು, ತಂದೆಯ ಹೆಸರಿಗೆ ಇಳಿಯಿತು. ಆಕೆ ಚೀಲಕ್ಕೆ ಕೈ ಹಾಕಿ, ಕವರಿನಿಂದ ನಕಲನ್ನು ತೆಗೆದು, ಮಡಿಕೆ ಬಿಚ್ಚಿ, ಪುಸ್ತಕದ ಪಕ್ಕದಲ್ಲಿಟ್ಟಳು. ಒಂದು ಬೆರಳು ಇದರ ಮೇಲೆ, ಒಂದು ಬೆರಳು ಅದರ ಮೇಲೆ ಇಟ್ಟು, ಒಂದೊಂದೇ ಅಕ್ಷರವನ್ನು ಹೊಂದಿಸಿ ನೋಡುತ್ತಾ ಬಂದಳು. ಗಾಳಿಗೆ ಸವೆದ ಹಾಳೆ ಏಳುತ್ತಿತ್ತು. ಆಕೆಗೆ ಓದಲು ತೊಂದರೆಯಾಗದಿರಲೆಂದು ತಮ್ಮ ಅದರ ಮೂಲೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು ನಿಂತ.